ಹಲಗೆಗೆ ಬೆನ್ನು ಕೊಟ್ಟು ಕೂತವರು

ಸದಲಗಾ ಪೇಟೆಯ ಕಾಕಾಸಾಹೇಬರಿಗೆ ಎರಡು ಉದ್ಯೋಗಗಳಿದ್ದವು. ಒಂದು ಹೊಟ್ಟೆ ತುಂಬಿಸುತ್ತಿತ್ತು, ಇನ್ನೊಂದು ಎದೆ ತುಂಬಿಸುತ್ತಿತ್ತು. ಹೊಟ್ಟೆ ತುಂಬಿಸುತ್ತಿದ್ದದ್ದು ಚೌಕದ ಮೂಲೆಯಲ್ಲಿದ್ದ ಪಾಟಿ-ಪುಸ್ತಕದ ಅಂಗಡಿ ಮತ್ತು ಪೇಪರ್ ಏಜೆನ್ಸಿ. ಎದೆ ತುಂಬಿಸುತ್ತಿದ್ದದ್ದು ಅದೇ ಚೌಕದ ಕಟ್ಟೆಯ ಮೇಲೆ, ಗೋಡೆಗೆ ಬಡಿದು ನಿಲ್ಲಿಸಿದ್ದ ಒಂದು ಕರಿ ಹಲಗೆ. ತರುಣ ಮಂಡಳದವರು ಯಾವ ಕಾಲದಲ್ಲೋ ಹಾಕಿಸಿದ್ದು. ಮೇಲೆ ಮರಾಠಿಯಲ್ಲಿ ‘ವಾರ್ತಾಫಲಕ’ ಎಂದು ಬಣ್ಣದಲ್ಲಿ ಬರೆಸಿದ್ದರು. ಕನ್ನಡದವರು ಮುಖ ಊದಿಸಿಕೊಂಡರೆಂದು ಅದರಡಿ ಕನ್ನಡದಲ್ಲೂ ಅದನ್ನೇ ಬರೆಸಿ ಜಗಳ ಮುಗಿಸಿದ್ದರು.

ಬೆಳಿಗ್ಗೆ ಬಸ್ಸಿನ ಟಪ್ಪಿನಿಂದ ಪೇಪರ್ ಕಟ್ಟು ಇಳಿಯುತ್ತಿತ್ತು. ಕಾಕಾಸಾಹೇಬರು ಎರಡೂ ಭಾಷೆಯ ಪೇಪರುಗಳನ್ನು ಓದಿ, ಊರಿಗೆ ಬೇಕಾದ ನಾಲ್ಕಾರು ಸಾಲು ಆರಿಸಿ, ಹಲಗೆಯ ಎಡಕ್ಕೆ ಕನ್ನಡದಲ್ಲಿ, ಬಲಕ್ಕೆ ಮರಾಠಿಯಲ್ಲಿ ಸೀಮೆಸುಣ್ಣದ ಖಡುವಿನಿಂದ ಬರೆಯುತ್ತಿದ್ದರು. ಕಬ್ಬಿನ ದರ, ದಿಲ್ಲಿಯ ಸುದ್ದಿ, ಕ್ರಿಕೆಟ್ಟಿನ ಸ್ಕೋರು, ದೂಧಗಂಗೆಗೆ ನೀರು ಬಂದದ್ದು. ಡೇರಿಗೆ ಹಾಲು ಹಾಕಿ ಮರಳುವವರು ಸೈಕಲ್ಲಿನ ಮೇಲೆ ಒಂದು ಕಾಲು ಊರಿ ಓದಿ ಹೋಗುತ್ತಿದ್ದರು. ಓದಲು ಬಾರದವರು ಪಕ್ಕದವನಿಂದ ಓದಿಸಿಕೊಳ್ಳುತ್ತಿದ್ದರು. ಈ ಕೆಲಸಕ್ಕೆ ಅವರಿಗೆ ಯಾರೂ ಬಿಡಿಗಾಸು ಕೊಡಲಿಲ್ಲ, ಅವರು ಕೇಳಲೂ ಇಲ್ಲ.

ತಮ್ಮ ಕೈಯ ಅಕ್ಷರ ಏನು ಮಾಡಬಲ್ಲದು ಎಂಬುದು ಅವರಿಗೆ ಮೊದಲು ಗೊತ್ತಾದದ್ದು ಎಂಬತ್ತನಾಲ್ಕರಲ್ಲಿ. ಅದಕ್ಕೂ ಮುಂಚಿನ ವರ್ಷ ಕ್ರಿಕೆಟ್ ವಿಶ್ವಕಪ್ ಗೆದ್ದದ್ದನ್ನು ಬರೆದಾಗ ಪೇಟೆಯೇ ಕುಣಿದಿತ್ತು, ಮಿಠಾಯಿ ಅಂಗಡಿಯವನು ಪೇಢೆ ಹಂಚಿ ಆಮೇಲೆ ಪಶ್ಚಾತ್ತಾಪಪಟ್ಟಿದ್ದ. ಅದು ಸಂತೋಷದ ಮಾತಾಯಿತು. ಆದರೆ ಎಂಬತ್ತನಾಲ್ಕರ ಅಕ್ಟೋಬರದ ಕೊನೆಯ ದಿನ ರೇಡಿಯೊದಲ್ಲಿ ಕೇಳಿದ ಪ್ರಧಾನಿಯ ಹತ್ಯೆಯ ಸುದ್ದಿಯನ್ನು ಬರೆಯುತ್ತಿದ್ದಾಗ, ಕೊನೆಯ ಪದ ಮುಗಿಯುವ ಮುಂಚೆಯೇ ಬೆನ್ನ ಹಿಂದೆ ಶಟರ್‌ಗಳು ಧಡಧಡ ಇಳಿಯತೊಡಗಿದವು. ತಿರುಗಿ ನೋಡಿದರೆ ಪೇಟೆಗೆ ಪೇಟೆಯೇ ಬಾಗಿಲು ಹಾಕಿತ್ತು. ಅವರು ಕೈಯಲ್ಲಿದ್ದ ಖಡುವಿನ ಚೂರನ್ನು ನೋಡಿದರು.

“ಇಷ್ಟ ಇಷ್ಟ ಖಡು,” ಎಂದು ಮನೆಗೆ ಹೋಗಿ ಹೆಂಡತಿ ಜಿನಮತಿಗೆ ಬೆರಳು ತೋರಿಸಿ ಹೇಳಿದರು. “ಊರ ಬಾಗಲಾ ಹಾಕಿಸಿತು ನೋಡು.”

“ಹಂಗಾರ ನಾಳೆ, ಕಾಕಾಸಾಹೇಬ ಮನ್ಯಾಗ ನೀರ ತುಂಬಿಸಿ ಕೊಡ್ತಾರು ಅಂತ ಬರೀರಿ. ಅದೂ ಖರೆ ಆಗತೈತೇನೋ ನೋಡೂನು,” ಎಂದಳು ಜಿನಮತಿ. ಗಂಡನ ಬೆರಗಿಗೆ ತಣ್ಣೀರು ಹಾಕುವುದರಲ್ಲಿ ಅವಳದು ಎತ್ತಿದ ಕೈ.

ಆದರೂ ಆ ಬೆರಗು ಅವರನ್ನು ಬಿಡಲಿಲ್ಲ. ಮುಂದೆ ಅದಕ್ಕೆ ಹೆದರಿಕೆಯೂ ಸೇರಿಕೊಂಡಿತು. ಅದಕ್ಕೆ ಕಾರಣ ಧರೆಪ್ಪಜ್ಜ.

ಹಲಗೆಯ ಕೆಳಗಿನ ಭಾಗವನ್ನು ಊರಿನ ಸಾವಿನ ಸುದ್ದಿಗೆಂದು ಬಿಟ್ಟಿದ್ದರು. ಒಂದು ದಿನ ಸೈಕಲ್ ಮೇಲೆ ಹೋಗುತ್ತಿದ್ದ ಯಾರೋ ಧರೆಪ್ಪಜ್ಜ ಹೋದನಂತೆ ಎಂದು ಕೂಗಿ ಹೇಳಿದ. ಕಾಕಾಸಾಹೇಬರು ಅವಸರದಲ್ಲಿ ಬರೆದೇಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ರಾಯಬಾಗದಿಂದ ಬೀಗರು ಬಸ್ಸಿಳಿದು ಅಳುತ್ತಾ ಓಣಿ ಹೊಕ್ಕರೆ, ಅಜ್ಜ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಾ ಸತ್ತವರು ಯಾರು ಎಂದು ಅವರನ್ನೇ ಕೇಳಿದ. ಅಸಲಿಗೆ ಅವನು ಹೋದದ್ದು ಅಥಣಿಗೆ, ಹಿಂದಿನ ದಿನ, ಮೊಮ್ಮಗನಿಗೆ ಹೆಣ್ಣು ನೋಡಲು. ರಾತ್ರಿಯೇ ಮರಳಿದ್ದ. ವಿಷಯ ತಿಳಿದ ಮೇಲೆ ಕೋಲೂರಿಕೊಂಡು ಚೌಕಕ್ಕೆ ಬಂದ, ಹಲಗೆಯ ಮುಂದೆ ನಿಂತ.

“ಓದ ತಮ್ಮಾ, ನಾನೂ ಕೇಳ್ತೀನಿ,” ಎಂದ.

ಕಾಕಾಸಾಹೇಬರು ಇಡೀ ಪೇಟೆಯ ಎದುರು ಅಜ್ಜನ ಸಾವನ್ನು ಅಜ್ಜನಿಗೇ ಓದಿ ಹೇಳಬೇಕಾಯಿತು. ಅಜ್ಜ ನಗಲಿಲ್ಲ, ಬೈಯಲೂ ಇಲ್ಲ. “ಸಾವು ಅಂದ್ರ ಮನಿಯವರ ಮಾತು. ಮನಿಯವರು ತಮ್ಮ ಬಾಯಿಲೆ ಹೇಳೂತನಾ ಬರೀಬ್ಯಾಡ,” ಎಂದಷ್ಟೇ ಹೇಳಿ ಹೋದ.

ಅಂದಿನಿಂದ ಅದೇ ಕಟ್ಟಳೆಯಾಯಿತು. ಮನೆಯವರು ಚೌಕಕ್ಕೆ ಬಂದು ಹೇಳಬೇಕು, ಕಾಕಾಸಾಹೇಬರು ಬರೆಯಬೇಕು, ಕೆಳಗೆ ‘ಹೇಳಿದವರು’ ಎಂದು ಆ ಮನೆಯವರ ಹೆಸರು ಹಾಕಬೇಕು. ಹಾಗೆ ಹೆಸರು ಬಿದ್ದ ಸಾವಿಗೆ ಪೇಟೆಯ ಅಂಗಡಿಗಳು ಶಟರ್ ಇಳಿಸಿ ಮರ್ಯಾದೆ ಮಾಡುತ್ತಿದ್ದವು. ಅಪ್ಪ ಬದುಕಿದ್ದಾಗ ಒಂದು ಲೋಟ ನೀರು ಕೊಡದ ಮಕ್ಕಳು ಆ ಸಾಲಿನಲ್ಲಿ ಯಾರ ಹೆಸರು ಬರಬೇಕೆಂದು ಹಲಗೆಯ ಮುಂದೆಯೇ ಕಾದಾಡಿದ್ದೂ ಉಂಟು. ಹೀಗೆ ಆ ಹಲಗೆಗೆ ಪೇಪರಿಗೂ ಇಲ್ಲದ ಒಂದು ತೂಕ ಬಂದಿತು. ಪೇಪರಿನಲ್ಲಿ ಬಂದರೆ ಜನ ‘ಹಂಗಂತ’ ಎನ್ನುತ್ತಿದ್ದರು, ಹಲಗೆಯ ಮೇಲೆ ಬಂದರೆ ‘ಹಂಗ’ ಎನ್ನುತ್ತಿದ್ದರು.

ತೊಂಬತ್ತೆರಡರ ಡಿಸೆಂಬರದಲ್ಲಿ ಅಯೋಧ್ಯೆಯ ಸುದ್ದಿ ಬಂತು. ಅದರ ಬೆನ್ನಿಗೇ ಮುಂಬೈಯ ಸುದ್ದಿ. ಪೇಪರುಗಳ ಅಕ್ಷರಗಳು ದಿನದಿನಕ್ಕೆ ದಪ್ಪವಾಗುತ್ತಿದ್ದುದನ್ನು ಕಾಕಾಸಾಹೇಬರು ನೋಡಿದರು. ಮೇಲಿನ ಅಕ್ಷರ ದಪ್ಪವಾದಷ್ಟೂ ಕೆಳಗಿನ ಒಕ್ಕಣೆ ತೆಳುವಾಗುತ್ತಿತ್ತು. ಹಾಗೆ ಎನ್ನಲಾಗಿದೆ, ಹೀಗೆ ತಿಳಿದುಬಂದಿದೆ. ಯಾರು ಎಂದರು, ಯಾರಿಗೆ ತಿಳಿಯಿತು ಎಂಬುದು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಅವರು ಅದರಲ್ಲಿ ಅರ್ಧ ಬಿಟ್ಟು ಅರ್ಧ ಬರೆಯತೊಡಗಿದರು. ತರುಣ ಮಂಡಳದ ಮುಂದಾಳು ರಾವಸಾಹೇಬನಿಗೆ ಅದು ಸರಿಬರಲಿಲ್ಲ. ಚೌಕದಲ್ಲೇ ಅವನದೊಂದು ವಿಡಿಯೊ ಕ್ಯಾಸೆಟ್ಟಿನ ಅಂಗಡಿ.

“ಕಾಕಾ, ಪೇಪರದಾಗ ಎಷ್ಟ ದಪ್ಪ ಬಂದೈತಿ. ನೀವ ಯಾಕ ಇರುವಿ ಹರದಂಗ ಬರ್ಯಾಕತ್ತೀರಿ?”

“ಖಡು ತುಟ್ಟಿ ಆಗ್ಯಾವೋ,” ಎಂದು ಕಾಕಾಸಾಹೇಬರು ನಕ್ಕು ಜಾರಿಕೊಂಡರು. ಜಾರಿಕೊಳ್ಳುವುದು ಅವರಿಗೆ ಬರುತ್ತಿತ್ತು. ಎದುರು ನಿಲ್ಲುವುದು ಅಷ್ಟಾಗಿ ಬರುತ್ತಿರಲಿಲ್ಲ.

ಜಾರಿಕೊಳ್ಳಲಾಗದ ದಿನವೂ ಬಂತು. ಆ ಬೆಳಿಗ್ಗೆ ಬಸ್ಸು ತಡವಾಗಿ ಬಂತು, ಮರಳಿ ಹೋಗುವುದಿಲ್ಲವೆಂದು ಡ್ರೈವರ್ ನಿಲ್ದಾಣದಲ್ಲೇ ನಿಲ್ಲಿಸಿಬಿಟ್ಟ. ಗಡಿಯಾಚೆಯಿಂದ ಬರುತ್ತಿದ್ದ ಒಂದು ಮರಾಠಿ ಪೇಪರಿನ ಮೊದಲ ಪುಟದಲ್ಲೇ ಸದಲಗಾ ಎಂಬ ಹೆಸರಿತ್ತು. ತಮ್ಮೂರಿನ ಹೆಸರನ್ನು ಅಷ್ಟು ದಪ್ಪ ಅಕ್ಷರದಲ್ಲಿ ಅವರು ಎಂದೂ ನೋಡಿರಲಿಲ್ಲ. ಹಾಲಿನ ಟೆಂಪೊದ ಮೇಲೆ ದಾಳಿ, ಸದಲಗಾದ ಹಿಂದೂ ತರುಣ ಮುರಗೆಪ್ಪನ ಹತ್ಯೆ, ಚಾಲಕ ಬಾಬಾಲಾಲ ಪರಾರಿ.

ಕಾಕಾಸಾಹೇಬರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಮುರಗೆಪ್ಪ ಕೆಂಚವ್ವನ ಒಬ್ಬನೇ ಮಗ. ಬಾಬಾಲಾಲ ದರ್ಗಾದ ಹಿಂದಿನ ಓಣಿಯ ಹುಸೇನಬಿಯ ಮಗ. ಇಬ್ಬರೂ ಒಂದೇ ಪಾಟಿಯ ಮೇಲೆ ಬರೆದವರು, ಆ ಪಾಟಿ ಇದೇ ಅಂಗಡಿಯಿಂದ ಹೋಗಿದ್ದು. ಹಿಂದಿನ ಸಂಜೆ ಡೇರಿಯ ಹಾಲನ್ನು ಟೆಂಪೊದಲ್ಲಿ ಹಾಕಿಕೊಂಡು ಹೊಳೆಯಾಚೆ ಹೋದವರು ಮರಳಿರಲಿಲ್ಲ. ಡೇರಿಯ ಸೆಕ್ರೆಟರಿ ಬಾಪುಸಾಹೇಬ ಅವರನ್ನು ಹುಡುಕಲು ನಸುಕಿನಲ್ಲೇ ಜೀಪು ತೆಗೆದುಕೊಂಡು ಹೋಗಿದ್ದ. ಫೋನು ಆಚೆ ಊರಿಗೆ ಹತ್ತುತ್ತಿರಲಿಲ್ಲ.

ಅವರು ಪೇಪರು ಮಡಚುವಷ್ಟರಲ್ಲಿ ರಾವಸಾಹೇಬ ತನ್ನ ಗುಂಪಿನೊಡನೆ ಬಂದು ನಿಂತಿದ್ದ. ಅವನ ಕೈಯಲ್ಲೂ ಅದೇ ಪೇಪರು.

“ಬರೀರಿ, ಕಾಕಾ.”

ಕಾಕಾಸಾಹೇಬರಿಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಂಡಿತು. ಪೇಪರು ಹತ್ತಾರು ಕೈಯಲ್ಲಿತ್ತು, ಆದರೂ ಗುಂಪು ಹಲಗೆಗಾಗಿ ಕಾಯುತ್ತಿತ್ತು. ಅದರ ಮೇಲೆ ಬಂದರೆ ಇಡೀ ಊರೇ ಒಪ್ಪಿದಂತೆ. ಆಮೇಲೆ ಆ ಗುಂಪು ಚೌಕದಿಂದ ನೆಟ್ಟಗೆ ದರ್ಗಾದ ಹಿಂದಿನ ಓಣಿಗೆ ಹೋಗುತ್ತದೆ. ಅಲ್ಲಿ ಹುಸೇನಬಿ ಇದ್ದಾಳೆ, ಸೊಸೆ ಇದ್ದಾಳೆ, ಹಂಚಿನ ಮನೆ ಇದೆ. ಸೀಮೆಎಣ್ಣೆ ಯಾರ ಮನೆಯಲ್ಲಿಲ್ಲ?

ಬರೆಯುವುದಿಲ್ಲ ಎನ್ನಬೇಕಿತ್ತು. ಅದರ ಬದಲು, “ಸಾವಿನ ಸುದ್ದಿ ಅಲ್ಲೇನೋ. ಮನಿಯವರು ಬಂದು ಹೇಳಬೇಕು,” ಎಂದರು.

“ಇಷ್ಟ ಹೌದಲ್ಲ? ಕೆಂಚವ್ವನ ಕರಕೊಂಡ ಬರ್ತೀವಿ,” ಎಂದ ರಾವಸಾಹೇಬ.

ಅವರು ಹೋದ ಮೇಲೆ ಕಾಕಾಸಾಹೇಬರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ತಮ್ಮ ಹೆದರಿಕೆಯನ್ನು ಮುಚ್ಚಿಕೊಳ್ಳಲು ಮಗನನ್ನು ಕಳೆದುಕೊಂಡ ತಾಯಿಯನ್ನು ಬೀದಿಗೆ ಎಳೆದಂತಾಯಿತಲ್ಲ. ಅವಳು ಬಂದು ಎದೆ ಬಡಿದುಕೊಂಡು ಅತ್ತರೆ ಮುಗಿಯಿತು, ಹಲಗೆಯೂ ಬೇಕಾಗುವುದಿಲ್ಲ.

ಕೆಂಚವ್ವ ಬಂದಳು. ಎಮ್ಮೆ ಕಟ್ಟಿಕೊಂಡು ಮಗನನ್ನು ಸಾಕಿದ ವಿಧವೆ. ಬರಿಗಾಲು, ಕೈಗೆ ಸಗಣಿ ಮೆತ್ತಿತ್ತು. ದಾರಿಯಲ್ಲೇ ಅವಳಿಗೆ ಎಲ್ಲಾ ಹೇಳಿದ್ದರು, ಆದರೆ ಅವಳು ಅಳುತ್ತಿರಲಿಲ್ಲ. ಚೌಕದ ನಡುವೆ ನಿಂತು ರಾವಸಾಹೇಬನನ್ನೇ ಕೇಳಿದಳು.

“ನೀ ನೋಡೀಯೇನಪಾ?”

“ಇಲ್ಲಬೇ, ಪೇಪರದಾಗ ಬಂದೈತಿ.”

“ಪೇಪರದಾಂವ ನೋಡ್ಯಾನೇನು?”

ರಾವಸಾಹೇಬ ಕಾಕಾಸಾಹೇಬರ ಮುಖ ನೋಡಿದ. ಅವರು ಪೇಪರು ಬಿಚ್ಚಿ ಕೊನೆಯ ಸಾಲನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದರು. “ಎಂದು ತಿಳಿದುಬಂದಿದೆ, ಅಂತ ಐತಿ ಅಕ್ಕಾ.”

“ಯಾರಿಗೆ ತಿಳದ ಬಂದೈತಿ?”

“ಅದನ್ನ ಬರದಿಲ್ಲ.”

“ನನಗಂತೂ ತಿಳದ ಬಂದಿಲ್ಲ,” ಎಂದಳು ಕೆಂಚವ್ವ. ಕಟ್ಟೆ ಹತ್ತಿ, ಹಲಗೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತುಬಿಟ್ಟಳು. “ನನ್ನ ಮಗಾ ಬರಬೇಕು, ಇಲ್ಲಾ ನನ್ನ ಮಗನ ಹೆಣಾ ಬರಬೇಕು. ಅಲ್ಲೀತನಾ ಇದರ ಮ್ಯಾಲ ಯಾರೂ ಏನೂ ಬರೀಬ್ಯಾಡ್ರಿ.”

ಹೆಣ ಎಂಬ ಮಾತನ್ನು ಅವಳು ಬಾಯಿ ತಪ್ಪಿ ಆಡಲಿಲ್ಲ, ತಿಳಿದೇ ಆಡಿದಳು. ಮುಖ ಕಲ್ಲಾಗಿತ್ತು, ಬೆರಳುಗಳು ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದವು. ಮಗ ಸತ್ತಿರಬಹುದೆಂದು ಅವಳ ಕರುಳಿಗೆ ಗೊತ್ತು, ಗೊತ್ತಿದ್ದೂ ಅದನ್ನು ಬಾಯಿಗೆ ಬರಗೊಡುತ್ತಿಲ್ಲ ಎಂಬುದು ಕಾಕಾಸಾಹೇಬರಿಗೆ ಹೊಳೆಯಿತು. ಇಷ್ಟು ವರ್ಷ ಖಡುವಿನ ಶಕ್ತಿಗೆ ಬೆರಗಾದ ಮನುಷ್ಯ ಅವರು. ಖಡುವನ್ನು ತಡೆದು ನಿಲ್ಲಿಸುವ ಶಕ್ತಿಯನ್ನು ಅಂದು ಮೊದಲ ಸಲ ಕಂಡರು. ಕೈಮುಗಿಯಬೇಕೆನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಕೆಂಚವ್ವ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಜಿನಮತಿಯನ್ನು ಕರೆದಳು. “ಅಕ್ಕಾರ, ಹುಸೇನಬೀನ ಕರಕೊಂಡ ಬರ್ರಿ. ಅಕೀ ಮಗಾನೂ ಅದ ಗಾಡ್ಯಾಗ ಹೋಗ್ಯಾನ.”

ಜಿನಮತಿ ಗಂಡನ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮರಳಿ ಬಂದಾಗ ಹುಸೇನಬಿಯ ತೋಳು ಹಿಡಿದಿದ್ದಳು. ಗುಂಪಿನ ನಡುವಿನಿಂದ ಇಬ್ಬರೂ ಬಂದರು. ದಾರಿ ಬಿಡದೆ ನಿಂತವನಿಗೆ ಜಿನಮತಿ, “ಸರದ ನಿಲ್ಲ ಅತ್ತಾಗ. ನಿಮ್ಮವ್ವನ ವಯಸ್ಸಿನಾಕಿ,” ಎಂದಳು. ನೀರು ತುಂಬಿಸುವ ಮಾತಾಡಿ ನಗಿಸುತ್ತಿದ್ದ ತಮ್ಮ ಹೆಂಡತಿಯೇ ಇವಳು ಎಂದು ಕಾಕಾಸಾಹೇಬರಿಗೆ ನಂಬಲಾಗಲಿಲ್ಲ.

ಹುಸೇನಬಿ ಕೆಂಚವ್ವನ ಪಕ್ಕ ಕೂತಳು. ಅವಳ ಬೆನ್ನೂ ಹಲಗೆಗೆ ತಾಗಿತು.

“ಬೇ, ಅಕೀ ಮಗಾನ ಅಂವನ್ನ ಬಿಟ್ಟ ಓಡಿಹೋಗ್ಯಾನು,” ಎಂದ ರಾವಸಾಹೇಬ. ದನಿ ಬೆಳಗಿನಷ್ಟು ಗಟ್ಟಿ ಇರಲಿಲ್ಲ.

“ನನ್ನ ಎಮ್ಮಿ ಹಾಲ ಕುಡದ ಬೆಳದಾಂವ ಅವನೂ. ಓಡಿಹೋಗೂದ ನಾ ಕಲಿಸಿಲ್ಲ,” ಎಂದಳು ಕೆಂಚವ್ವ.

ಇಬ್ಬರೂ ಅಲ್ಲಿಂದ ಅಲುಗಲಿಲ್ಲ. ಜಿನಮತಿ ಚಹಾ ತಂದಿಟ್ಟಳು, ಆರಿತು. ಮತ್ತೆ ತಂದಳು. ಬಿಸಿಲು ಕಟ್ಟೆಯ ಮೇಲೆ ಬಂತು, ಹೋಯಿತು. ಗುಂಪು ಗುಜುಗುಜು ಎನ್ನುತ್ತಿತ್ತು, ಕೆಲವರು ಹಲ್ಲು ಕಡಿಯುತ್ತಿದ್ದರು. ಆದರೆ ಸತ್ತನೆನ್ನಲಾದವನ ತಾಯಿಯೇ ಓಡಿಹೋದನೆನ್ನಲಾದವನ ತಾಯಿಗೆ ಹೆಗಲು ತಾಗಿಸಿ ಕೂತಿರುವಾಗ ಮೊದಲ ಕಲ್ಲನ್ನು ಎತ್ತುವವರು ಯಾರು? ಹಾಲು ಹಿಂಡುವ ಹೊತ್ತಾಯಿತು. ಮನುಷ್ಯನಿಗೆ ಎಷ್ಟೇ ಸಿಟ್ಟಿರಲಿ, ಎಮ್ಮೆ ಕಾಯುವುದಿಲ್ಲ. ಹೆಂಡಂದಿರು ಬಂದು ಒಬ್ಬೊಬ್ಬರನ್ನೇ ಬೈದು ಕರೆದುಕೊಂಡು ಹೋದರು.

ಹೊತ್ತು ಮುಳುಗುವ ಮುಂಚೆ ಡೇರಿಯ ಜೀಪು ಬಂತು. ಬಾಪುಸಾಹೇಬ ಇಳಿದವನು ಕಟ್ಟೆಯ ಮೇಲೆ ಕೂತಿದ್ದ ಇಬ್ಬರನ್ನೂ ನೋಡಿ ತಲೆಯ ಟೊಪ್ಪಿಗೆ ತೆಗೆದ. ಕಾಕಾಸಾಹೇಬರು ಹತ್ತಿರ ಹೋದರು.

“ಕೆಂಚಕ್ಕಾ, ಮುರಗೆಪ್ಪ ಅದಾನ. ಕಾಲ ಮುರದೈತಿ, ದವಾಖಾನ್ಯಾಗ ಹಾಕ್ಯಾರು. ಮಧ್ಯಾನದ ಮ್ಯಾಲ ಎಚ್ಚರಾಗಿ ಮಾತಾಡಿದಾ.”

ಕೆಂಚವ್ವ ದೇವರೇ ಎನ್ನಲಿಲ್ಲ, ಎದ್ದು ನಿಲ್ಲಲಿಲ್ಲ. ಬಾಪುಸಾಹೇಬ ಹುಸೇನಬಿಯ ಕಡೆ ನೋಡದೇ ಇದ್ದುದನ್ನು ಅವಳು ನೋಡಿದ್ದಳು. ಮೊದಲು ಹುಸೇನಬಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು, ಆಮೇಲೆ, “ಇನ್ನ ಹೇಳ್ರಿ,” ಎಂದಳು.

ಮುರಗೆಪ್ಪ ದವಾಖಾನೆಯ ಕಾಟಿನ ಮೇಲೆ ಹೇಳಿದ್ದನ್ನು ಬಾಪುಸಾಹೇಬ ತಡೆದು ತಡೆದು ಹೇಳಿದ. ಹಾಲು ಹಾಕಿ ಮರಳುವಾಗ, ಮುಂದೆ ಗಾಡಿ ತಡೆದು ಹೆಸರು ಕೇಳುತ್ತಿದ್ದಾರೆಂದು ಎದುರಿನ ಲಾರಿಯವನು ಹೇಳಿದ್ದ. ಚಿಂಚಲಿಯ ದೇವಿ ಮಾಯಕ್ಕನ ಭಂಡಾರದ ಪೊಟ್ಟಣವನ್ನು ಕೆಂಚವ್ವ ಯಾವಾಗಲೂ ಮಗನ ಜೊತೆ ಕಳಿಸುತ್ತಿದ್ದಳು, ಅದು ಸ್ಟೇರಿಂಗಿನ ಮುಂದೆಯೇ ಇತ್ತು. ಮುರಗೆಪ್ಪ ಅದನ್ನು ಬಿಚ್ಚಿ ಆ ಅರಿಶಿನ ಪುಡಿಯನ್ನು ಬಾಬಾಲಾಲನ ಹಣೆಯ ತುಂಬ ಬಳಿದ. ತನ್ನ ಬಿಳಿ ಗಾಂಧಿ ಟೊಪ್ಪಿಗೆಯನ್ನು ಅವನ ತಲೆಗೆ ಹಾಕಿದ. ನೀನು ಸುಮ್ಮನಿರು, ಮಾತೆಲ್ಲ ನಾನಾಡುತ್ತೇನೆ ಎಂದಿದ್ದ. ಆದರೆ ಅವರನ್ನು ಯಾರೂ ಹೆಸರು ಕೇಳಲೇ ಇಲ್ಲ. ಕತ್ತಲೊಳಗಿನಿಂದ ಕಲ್ಲುಗಳು ಬಂದವು. ಎಸೆದವರು ಯಾವ ಕಡೆಯವರೋ ಗೊತ್ತಿಲ್ಲ. ಗಾಜು ಒಡೆದು ಟೆಂಪೊ ಕಾಲುವೆಗೆ ಬಿತ್ತು. ಬಾಬಾಲಾಲ ಅಲ್ಲೇ ಹೋದ.

ಸದಲಗಾದ ಗಾಡಿಯಲ್ಲಿ ಇದ್ದವರ ಹೆಸರೆರಡೂ ಡೇರಿಯ ಚೀಟಿಯಿಂದ ಪೇಪರಿನವರಿಗೆ ಸಿಕ್ಕಿದ್ದವು. ಹೆಣದ ಹಣೆ ಹಳದಿಯಾಗಿತ್ತು, ತಲೆಯ ಮೇಲೆ ಬಿಳಿ ಟೊಪ್ಪಿಗೆ ಇತ್ತು. ಎಚ್ಚರ ತಪ್ಪಿದ್ದ ಮುರಗೆಪ್ಪನನ್ನು ಅದಕ್ಕೂ ಮುಂಚೆಯೇ ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿದ್ದರು. ಪೇಪರಿನವರು ಹಣೆ ನೋಡಿ ಹೆಸರಿಟ್ಟರು, ಕಾಣದವನನ್ನು ಪರಾರಿ ಎಂದರು. ಮುಂದೆ ಎಷ್ಟೋ ದಿನಗಳ ಮೇಲೆ ಆ ಪೇಪರು ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿತು. ಭೂತಗನ್ನಡಿ ಇದ್ದವರು ಓದಿರಬೇಕು.

ರಾವಸಾಹೇಬ ಕೈಯಲ್ಲಿದ್ದ ಪೇಪರನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದ. ಅವನು ಬೆಳಿಗ್ಗೆ ಸುಡಬೇಕೆಂದಿದ್ದದ್ದು ಸತ್ತವನ ಮನೆಯನ್ನೇ.

ಹುಸೇನಬಿ ಕೆಂಚವ್ವನ ಕಡೆ ತಿರುಗಿದಳು. “ಕೆಂಚಕ್ಕಾ, ನಿಮ್ಮ ಮಾಯಕ್ಕನ ಭಂಡಾರ ಹಚಗೊಂಡ ಹೋದಾ ನನ್ನ ಬಾಬಾ,” ಎಂದಳು. ಅದು ದೂರೋ, ಸಮಾಧಾನವೋ, ಎರಡೂ ಅಲ್ಲವೋ ಕಾಕಾಸಾಹೇಬರಿಗೆ ಅಂದು ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಆಗ ಕೆಂಚವ್ವ ಅತ್ತಳು. ಬೆಳಗಿನಿಂದ ತನ್ನ ಮಗನಿಗಾಗಿ ತಡೆದಿಟ್ಟ ಅಳುವನ್ನೆಲ್ಲ ಅವಳ ಮಗನಿಗಾಗಿ ಅತ್ತಳು. ಕಾಕಾಸಾಹೇಬರಿಗೂ ತಡೆಯಲಾಗಲಿಲ್ಲ.

ಕೊನೆಗೆ ಹುಸೇನಬಿಯೇ ಕಣ್ಣೊರೆಸಿಕೊಂಡು ಎದ್ದಳು. “ಬರೀರಿ, ಕಾಕಾ. ಅವನ ಹೆಸರ ಪೂರಾ ಬರೀರಿ. ಪೇಪರದಾಗ ಓಡಿಹೋದಾಂತ ಬರದಾರು. ಅಂವ ಎಲ್ಲೂ ಓಡಿಹೋಗಿಲ್ಲ.”

ಕೆಂಚವ್ವನೂ ಎದ್ದಳು. ಕಾಕಾಸಾಹೇಬರು ಒರೆಸಲು ಬಟ್ಟೆ ಹಿಡಿದುಕೊಂಡು ಬಂದರು, ಒರೆಸುವ ಕೆಲಸವೇ ಇರಲಿಲ್ಲ. ಹಿಂದಿನ ದಿನದ ಕಬ್ಬಿನ ದರ, ದಿಲ್ಲಿಯ ಸುದ್ದಿ ಎಲ್ಲವೂ ಇಬ್ಬರ ಬೆನ್ನಿಗೆ ಹತ್ತಿಕೊಂಡು ಹೋಗಿ ಹಲಗೆಯ ನಡುವೆ ಸ್ವಚ್ಛ ಕರಿ ಜಾಗ ಉಳಿದಿತ್ತು. ಸಾವಿಗೆಂದು ಬಿಟ್ಟ ಕೆಳಗಿನ ಭಾಗದಲ್ಲಿ ಬರೆಯಲು ಅವರ ಕೈ ಒಪ್ಪಲಿಲ್ಲ. ನಡುವಿನ ಆ ಕರಿ ಜಾಗದಲ್ಲೇ, ದಪ್ಪ ಅಕ್ಷರದಲ್ಲಿ, ಬಾಬಾಲಾಲ ಮುಜಾವರ ಎಂದು ಬರೆದರು. ಊರಿನ ಹಾಲು ಮುಟ್ಟಿಸಿ ಮರಳುವಾಗ ತೀರಿಕೊಂಡರು ಎಂದು ಬರೆದರು. ಎಡಕ್ಕೆ ಕನ್ನಡದಲ್ಲಿ, ಬಲಕ್ಕೆ ಮರಾಠಿಯಲ್ಲಿ. ಕೆಳಗೆ ‘ಹೇಳಿದವರು’ ಎಂದು ಬರೆದು ಹುಸೇನಬಿಯ ಹೆಸರು ಹಾಕಿ, ಖಡುವನ್ನು ಕೆಳಗಿಡಲು ಹೋದರು.

“ತಡೀರಿ,” ಎಂದಳು ಕೆಂಚವ್ವ. “ಏನ ಬರದೀರಿ ಓದ್ರಿ.”

ಅವರು ಓದಿದರು.

“ಅಕೀ ಹೆಸರಿನ ಕೆಳಗ ನನ್ನ ಹೆಸರೂ ಹಾಕ್ರಿ. ನಾನೂ ಮನಿಯಾಕೀನ.”

ಕಾಕಾಸಾಹೇಬರು ಹಾಕಿದರು. ಅವಳ ಹೆಸರಿನ ಕೊನೆಯ ಅಕ್ಷರ ಮುಗಿಯುವ ಮುಂಚೆ ಬೆನ್ನ ಹಿಂದೆ ಒಂದು ಶಟರ್ ಇಳಿಯಿತು, ಅದರ ಹಿಂದೆ ಮತ್ತೊಂದು. ಎಂಬತ್ತನಾಲ್ಕರಲ್ಲಿ ತಿರುಗಿ ನೋಡಿದಂತೆ ಅವರು ಈ ಸಲ ತಿರುಗಿ ನೋಡಲಿಲ್ಲ. ಎರಡೂ ಹೆಸರುಗಳನ್ನು ನೋಡುತ್ತಾ, ಪೇಟೆಯ ಬಾಗಿಲುಗಳೆಲ್ಲ ಮುಚ್ಚುವವರೆಗೂ ಅಲ್ಲೇ ನಿಂತಿದ್ದರು.